ರಿಯಾಯಿತಿಯ ಫ್ರಿಜ್ ಮತ್ತು ಬಿಲ್ಲಿನ ಮೇಲಿನ ಒಂದು ಸಾಲು

ನಮ್ಮ ಮನೆಯ ಹಳೆಯ ಫ್ರಿಜ್ ನಿಂತದ್ದು 2024ರ ಮೇ ತಿಂಗಳ ಒಂದು ಶುಕ್ರವಾರ ರಾತ್ರಿ. ಬೆಳಿಗ್ಗೆ ಎದ್ದು ನೋಡಿದರೆ ಫ್ರೀಜರಿನ ನೀರು ಅಡುಗೆಮನೆಯ ನೆಲದ ಮೇಲೆಲ್ಲ ಹರಿದಿತ್ತು, ಹಾಲು ಕೆಟ್ಟಿತ್ತು. ಹಾಲು ಹೋದರೆ ಹೋಗಲಿ. ನನ್ನ ಎದೆ ಧಸಕ್ಕೆಂದದ್ದು ಬಾಗಿಲಿನ ಖಾನೆಯಲ್ಲಿದ್ದ ಅತ್ತೆಯ ಇನ್ಸುಲಿನ್ ಡಬ್ಬಿ ನೋಡಿ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಮೇ ತಿಂಗಳ ನೆರೂಳಿನಲ್ಲಿ ಫ್ಯಾನ್ ಕೆಳಗೆ ಕೂತವರಿಗೂ ಬೆವರು ನಿಲ್ಲುವುದಿಲ್ಲ. ಡಬ್ಬಿಯನ್ನು ಹಿಡಿದುಕೊಂಡು ನೇರ ಎದುರುಮನೆಯ ಬಾಗಿಲು ತಟ್ಟಿದೆ.

ಎದುರುಮನೆಯವರನ್ನು ನಮ್ಮ ಬಿಲ್ಡಿಂಗ್‌ನಲ್ಲಿ ಎಲ್ಲರೂ ಕರೆಯುವುದು ಕ್ಯಾಂಟೀನ್ ಅಣ್ಣ ಎಂದೇ. ಕುಂದಾಪುರದ ಕಡೆಯವರು. ತುರ್ಭೆಯ ಎಂಐಡಿಸಿಯಲ್ಲಿ ಒಂದು ಚಿಕ್ಕ ಕ್ಯಾಂಟೀನ್ ನಡೆಸುತ್ತಾರೆ. ಅವರು ಏನೂ ಕೇಳದೆ ತಮ್ಮ ಫ್ರಿಜ್ಜಿನ ತರಕಾರಿ ಸರಿಸಿ ಜಾಗ ಮಾಡಿಕೊಟ್ಟರು. ಆಮೇಲೆ ಒಂದೇ ಮಾತು ಹೇಳಿದರು: "ತಂಗಿ, ಹೊಸತು ತರುದಾದ್ರೆ ತಕ್ಕೊಳ್ಳಿ. ಆದ್ರೆ ನನ್ನ ಹಾಗೆ ಮಾಡ್ಬೇಡಿ."

ಅವರು ಹೇಳಿದ್ದು ಏನೆಂದು ನನಗೆ ಗೊತ್ತಿತ್ತು. ಅದರಲ್ಲಿ ನನ್ನ ತಪ್ಪೂ ಇತ್ತು.

ಬಿಲ್ಲಿಲ್ಲದ ಫ್ರೀಜರ್

ಅದಕ್ಕೂ ಒಂದು ವರ್ಷ ಮೊದಲು ಅಣ್ಣನಿಗೆ ಕ್ಯಾಂಟೀನಿಗೆ ಒಂದು ಡೀಪ್ ಫ್ರೀಜರ್ ಬೇಕಾಗಿತ್ತು. ಜೊತೆಗೆ ಬನ್ನಿ, ನಿಮಗೆ ಇದೆಲ್ಲ ಗೊತ್ತಾಗ್ತದೆ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯವನು ಲೆಕ್ಕ ಹೇಳಿದ. ಬಿಲ್ ಬೇಡವಾದರೆ 22,000, ಬೇಕಾದರೆ ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಅಂದರೆ 25,960. ಅಣ್ಣ ನನ್ನ ಮುಖ ನೋಡಿದರು. ಒಂದು ಕಾಗದಕ್ಕೆ ನಾಲ್ಕು ಸಾವಿರ ಯಾಕೆ ಕೊಡುವುದು ಎಂದು ಹೇಳಿದ್ದು ನಾನೇ. ಅಂಗಡಿಯವನು ಒಂದು ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟ. ಅದರ ಮೇಲೆ ಅಂಗಡಿಯ ಹೆಸರೂ ಇರಲಿಲ್ಲ, ಫ್ರೀಜರಿನ ನಂಬರೂ ಇರಲಿಲ್ಲ. ಹಣ ಕೊಟ್ಟದ್ದು ನಗದಾಗಿ.

ಎಂಟು ತಿಂಗಳಿಗೆ ಕಂಪ್ರೆಸರ್ ಕೈಕೊಟ್ಟಿತು. ಕಂಪನಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು ಬಿಲ್. ಅಂಗಡಿಗೆ ಹೋದರೆ ಅವನೂ ಕೇಳಿದ್ದು ಬಿಲ್. ಹೊಸ ಕಂಪ್ರೆಸರಿಗೆ, ಗ್ಯಾಸಿಗೆ, ಕೂಲಿಗೆ ಎಲ್ಲ ಸೇರಿ 8,500 ರೂಪಾಯಿ ಹೋಯಿತು. ಆ ಎರಡು ದಿನ ಒಳಗಿದ್ದ ಮೀನು, ಹಾಲು, ಮೊಸರು ಹಾಳಾದದ್ದು ಬೇರೆ. ನಾಲ್ಕು ಸಾವಿರ ಉಳಿಸಲು ಹೋಗಿ ಅದರ ಮೂರು ಪಟ್ಟು ಕಳೆದುಕೊಂಡೆವು. ಅಣ್ಣ ನನಗೆ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದುಂಟು.

ಆಮೇಲೆ ನಾನು ಈ ವಿಷಯವನ್ನು ಸ್ವಲ್ಪ ಓದಿ ತಿಳಿದುಕೊಂಡೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ಬಿಲ್ಲನ್ನೋ ರಸೀದಿಯನ್ನೋ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಆದರೆ ಬೇಡ ಎಂದು ನಾವೇ ಒಪ್ಪಿ, ನಗದು ಕೊಟ್ಟು ಬಂದ ಮೇಲೆ ಆ ಅಂಗಡಿಯಿಂದಲೇ ಕೊಂಡೆವೆಂದು ತೋರಿಸುವುದು ಯಾವುದರಿಂದ? ಕಡೇಪಕ್ಷ ಯುಪಿಐಯಲ್ಲಿ ಹಣ ಕೊಟ್ಟಿದ್ದರೂ ದಿನಾಂಕ, ಮೊತ್ತ, ಅಂಗಡಿಯ ಹೆಸರು ಉಳಿಯುತ್ತಿತ್ತು.

ಹೋಟೆಲು, ಕ್ಯಾಂಟೀನು, ಟೇಲರಿಂಗ್, ಪಾರ್ಲರ್ ನಡೆಸುವ ನಮ್ಮವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಆ ವಸ್ತುವನ್ನು ಬಳಸುವವರಿಗೆ ಕಾಯ್ದೆ ವಿನಾಯಿತಿ ಕೊಟ್ಟಿದೆ, ಅವರು ಗ್ರಾಹಕರೇ. ತಾವೇ ಒಲೆಯ ಮುಂದೆ ನಿಲ್ಲುವ ಕ್ಯಾಂಟೀನ್ ಅಣ್ಣನಂಥವರಿಗೆ ಈ ಬಾಗಿಲು ಮುಚ್ಚಿಲ್ಲ. ಕಂಪನಿಯ ವಾರಂಟಿಯ ಮಾತು ಬೇರೆ. ಮನೆಬಳಕೆಯ ಮಿಕ್ಸಿ, ಫ್ರಿಜ್, ವಾಷಿಂಗ್ ಮಷಿನ್‌ಗಳ ವಾರಂಟಿ ಕಾರ್ಡಿನಲ್ಲಿ ಸಾಮಾನ್ಯವಾಗಿ 'ವಾಣಿಜ್ಯ ಬಳಕೆಗೆ ಅನ್ವಯಿಸದು' ಎಂಬ ಸಾಲು ಇರುತ್ತದೆ. ಸೋವಿಯಾಗಿ ಸಿಕ್ಕಿತೆಂದು ಮನೆಯ ಮಾದರಿಯನ್ನು ಹೋಟೆಲಿಗೆ ಒಯ್ದರೆ ಆ ಸಾಲು ನಮ್ಮ ಮೇಲೆ ಬೀಳುತ್ತದೆ.

ಕಡಿಮೆ ಬೆಲೆಗೆ ಒಂದು ಕಾರಣ ಇದ್ದೇ ಇರುತ್ತದೆ

ಭಾನುವಾರ ಫ್ರಿಜ್ ಹುಡುಕಲು ಹೊರಟೆವು. ನೆರೂಳಿನವರಿಗೆ ಆಯ್ಕೆಗೆ ಕೊರತೆಯಿಲ್ಲ. ಸೆಕ್ಟರಿನೊಳಗಿನ ಅಂಗಡಿಗಳಿವೆ, ಸೀವುಡ್ಸ್ ಸ್ಟೇಶನ್ ಮೇಲಿನ ಮಾಲ್ ಇದೆ, ವಾಶಿಯ ದೊಡ್ಡ ಶೋರೂಮ್‌ಗಳಿವೆ. ಇವೆಲ್ಲದರ ಜೊತೆಗೆ ಕೈಯಲ್ಲಿರುವ ಫೋನು. ನಾವು ಕೊನೆಗೆ ಕೊಂಡದ್ದು ಒಂದು ಅಂಗಡಿಯ ಡಿಸ್‌ಪ್ಲೇ ಪೀಸ್. ಪೆಟ್ಟಿಗೆಯ ಮೇಲಿನ ಎಂಆರ್‌ಪಿ 41,990. ಅಂಗಡಿಯ ಮಾಮೂಲು ಬೆಲೆ 34,500. ನಮಗೆ ಹೇಳಿದ್ದು 27,000.

ಎಂಆರ್‌ಪಿ ಎಂದರೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಅಷ್ಟೆ. ಅದು ಯಾರೂ ಕೊಡುವ ಬೆಲೆಯಲ್ಲ. ಹಾಗಾಗಿ '35 ಶೇಕಡಾ ಕಡಿತ' ಎಂಬ ಬೋರ್ಡನ್ನು ಎಂಆರ್‌ಪಿಯಿಂದ ಲೆಕ್ಕ ಹಾಕಿ ಹಿಗ್ಗಬಾರದು. ಅದೇ ಮಾಡೆಲ್ ನಂಬರನ್ನು ಇನ್ನೆರಡು ಕಡೆ ವಿಚಾರಿಸಿ, ಅಲ್ಲಿಂದ ಎಷ್ಟು ಕಡಿಮೆ ಎಂದು ನೋಡಬೇಕು. ನಮ್ಮ ಫ್ರಿಜ್ಜಿನಲ್ಲಿ ನಿಜವಾಗಿ ಉಳಿದದ್ದು 7,500.

ಆ 7,500ಕ್ಕೆ ಕಾರಣವೇನು ಎಂದು ಕೇಳುವುದು ನಮ್ಮ ಕೆಲಸ. ಸಾಮಾನ್ಯವಾಗಿ ಕಾರಣ ಇವುಗಳಲ್ಲಿ ಒಂದು: ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟದ್ದು, ಗಿರಾಕಿ ಹಿಂದಿರುಗಿಸಿದ್ದು, ಸಾಗಣೆಯಲ್ಲಿ ಗೀರು ಬಿದ್ದದ್ದು, ಹೊಸ ಮಾಡೆಲ್ ಬಂದು ಹಳತಾದದ್ದು, ಸ್ಟಾರ್ ಲೇಬಲ್ ಹಳತಾದದ್ದು.

ಕೊನೆಯದನ್ನು ಬಹಳ ಜನ ಗಮನಿಸುವುದಿಲ್ಲ. ವಿದ್ಯುತ್ ಉಳಿತಾಯದ ಸ್ಟಾರ್‌ಗಳು ಕಾಯಂ ಅಲ್ಲ. ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿ ಕಾಲಕಾಲಕ್ಕೆ ಅಳತೆಯನ್ನು ಬಿಗಿ ಮಾಡುತ್ತದೆ. ಎಸಿಗಳಿಗೆ 2022ರ ಜುಲೈಯಲ್ಲಿ ಹಾಗೆ ಮಾಡಿದಾಗ ಅದುವರೆಗಿನ ಐದು ಸ್ಟಾರ್ ಎಸಿ ನಾಲ್ಕು ಸ್ಟಾರಿಗೆ ಇಳಿಯಿತು. ಅಂಗಡಿಯಲ್ಲಿ ಉಳಿದ ಹಳೆಯ ಮಾಲಿನ ಮೇಲೆ ಹಳೆಯ ಲೇಬಲ್ಲೇ ಇರುತ್ತದೆ. ಆದ್ದರಿಂದ ಸ್ಟಾರ್ ಎಣಿಸುವ ಬದಲು ಲೇಬಲ್ಲಿನಲ್ಲಿರುವ ಅವಧಿಯನ್ನೂ 'ವರ್ಷಕ್ಕೆ ಇಷ್ಟು ಯೂನಿಟ್' ಎಂಬ ಅಂಕಿಯನ್ನೂ ಓದಿ. ಒಂದು 200, ಇನ್ನೊಂದು 250 ಎಂದಿದ್ದರೆ ವರ್ಷಕ್ಕೆ 50 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ಹತ್ತು ವರ್ಷಕ್ಕೆ 5,000. ಇವತ್ತು ಅಂಗಡಿಯಲ್ಲಿ ಸಿಗುವ ರಿಯಾಯಿತಿಯನ್ನು ನಾಳೆ ಮಹಾವಿತರಣದ ಬಿಲ್ಲಿನಲ್ಲಿ ತುಂಬಬೇಕಾಗಬಹುದು.

ತೆರಿಗೆಯ ಹೆಸರಿನಲ್ಲಿ ಬರುವ ರಿಯಾಯಿತಿಯನ್ನೂ ನೋಡಿ ನಂಬಬೇಕು. ಫ್ರಿಜ್ ಮತ್ತು ವಾಷಿಂಗ್ ಮಷಿನ್‌ಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದದ್ದು 2018ರ ಜುಲೈಯಲ್ಲಿಯೇ. 2025ರ ಸೆಪ್ಟೆಂಬರ್ 22ರಿಂದ 28ರಿಂದ 18ಕ್ಕೆ ಇಳಿದದ್ದು ಎಸಿ, 32 ಇಂಚಿಗಿಂತ ದೊಡ್ಡ ಟಿವಿ, ಪಾತ್ರೆ ತೊಳೆಯುವ ಯಂತ್ರ ಮುಂತಾದವು. ಆ ದಸರೆಗೆ 'ಜಿಎಸ್‌ಟಿ ಇಳಿಕೆಯ ಆಫರ್' ಎಂದು ಫ್ರಿಜ್ ಮಾರಲು ಬಂದವನಿಗೆ ನಾನು ಇದನ್ನೇ ಹೇಳಿದೆ, ಅವನು ನಕ್ಕು ಬೇರೆ ಗಿರಾಕಿಯ ಕಡೆ ತಿರುಗಿದ.

ಇನ್ನು 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಹಾಗಾಗಿ ಬಡ್ಡಿ ಇರುತ್ತದೆ, ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಗೆ. ಒಟ್ಟಿಗೆ ಹಣ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಮೊದಲು ಕೇಳಿ, ಆಮೇಲೆ ಕಂತಿನ ಮಾತು ಆಡಿದರೆ ವ್ಯತ್ಯಾಸ ತಾನಾಗಿ ಹೊರಬರುತ್ತದೆ.

ನಾಲ್ಕು ನಿಮಿಷದ ಜಗಳ

ಅಂಗಡಿಯಲ್ಲಿ ಬಿಲ್ ಮಾಡುವಾಗ ನಾನು ಕೇಳಿದ್ದು ಒಂದೇ. ಇದು ಡಿಸ್‌ಪ್ಲೇ ಪೀಸ್ ಎಂದೂ, ಇದಕ್ಕೆ ಬಿಲ್ಲಿನ ದಿನದಿಂದ ಕಂಪನಿಯ ಪೂರ್ತಿ ವಾರಂಟಿ ಇದೆ ಎಂದೂ ಬಿಲ್ಲಿನ ಮೇಲೆ ಬರೆದುಕೊಡಿ. ಸೇಲ್ಸ್‌ಮನ್, "ಮೇಡಂ, ವಾರಂಟಿ ಫುಲ್ ಇದೆ, ನಾನು ಹೇಳ್ತಿದ್ದೇನಲ್ಲ" ಎಂದ. ನೀವು ನಾಳೆ ಬೇರೆ ಅಂಗಡಿಗೆ ಹೋದರೆ ನಾನು ಯಾರನ್ನು ಕೇಳಲಿ ಎಂದೆ. ಹಿಂದೆ ನಿಂತಿದ್ದವರು ಗೊಣಗಿದರು. ನನ್ನ ಗಂಡನಿಗೂ ಸಂಕೋಚವಾಯಿತು. ಕೊನೆಗೆ ಮ್ಯಾನೇಜರ್ ಬಂದು ಪೆನ್ನಿನಲ್ಲಿ ಒಂದು ಸಾಲು ಬರೆದು, ಸಹಿ ಹಾಕಿ, ಅಂಗಡಿಯ ಸೀಲ್ ಒತ್ತಿದರು. ಹೆಚ್ಚೆಂದರೆ ನಾಲ್ಕು ನಿಮಿಷ ಹಿಡಿಯಿತು.

ಅಲ್ಲೇ 2,499 ರೂಪಾಯಿಗೆ ಎರಡು ವರ್ಷದ ಹೆಚ್ಚುವರಿ ವಾರಂಟಿ ಕೊಳ್ಳಿ ಎಂದರು. ಕೊಡುವವರು ಕಂಪನಿಯೋ ಬೇರೆಯವರೋ, ಕಂಪನಿಯ ವಾರಂಟಿ ಮುಗಿದ ಮೇಲೆ ಶುರುವಾಗುತ್ತದೋ ಇವತ್ತಿನಿಂದಲೋ, ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೋ ಎಂದು ಕೇಳಿದೆ. ಮೂರಕ್ಕೂ ಸರಿಯಾದ ಉತ್ತರ ಸಿಗಲಿಲ್ಲ, ಬಿಟ್ಟೆವು. ಆನ್‌ಲೈನಿನಲ್ಲಿ ಕೊಳ್ಳುವವರು ಹಣ ಕಟ್ಟುವ ಮೊದಲು ಬುಟ್ಟಿಯನ್ನು ಒಮ್ಮೆ ನೋಡಿ. ನಾವು ಕೇಳದ ವಾರಂಟಿಯನ್ನೋ ವಿಮೆಯನ್ನೋ ಅವರೇ ಸೇರಿಸಿಬಿಡುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ.

ಅಫಜಲಪುರದ ಹುಡುಗ

ಮಂಗಳವಾರ ಸಂಜೆ ಟೆಂಪೋ ಬಂತು. ನಮ್ಮದು ಹಳೆಯ ಸಿಡ್ಕೋ ಕಟ್ಟಡ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಡೆಲಿವರಿ ಎಂದರೆ ಗೇಟಿನವರೆಗೆ ಮಾತ್ರ, ಮೇಲೆ ಹತ್ತಿಸಲು 600 ಕೊಡಿ ಎಂದು ಚಾಲಕ ಹಟ ಹಿಡಿದ. ಇದೂ ಅಂಗಡಿಯಲ್ಲಿಯೇ ಕೇಳಿಕೊಳ್ಳಬೇಕಾದ ಮಾತಾಗಿತ್ತು, ನಾನು ಮರೆತಿದ್ದೆ. ಕೊನೆಗೆ 400ಕ್ಕೆ ಒಪ್ಪಿದ. ನಮ್ಮ ಮೆಟ್ಟಿಲಿನ ತಿರುವು, ಅಡುಗೆಮನೆಯ ಬಾಗಿಲು ಇವುಗಳ ಅಳತೆಯನ್ನು ಮೊದಲೇ ತೆಗೆದಿಟ್ಟದ್ದರಿಂದ ಆ ಒಂದು ಕಷ್ಟ ತಪ್ಪಿತು. ನಮ್ಮ ಕೆಳಗಿನ ಮನೆಯವರ ಡಬಲ್ ಡೋರ್ ಫ್ರಿಜ್ ಇವತ್ತಿಗೂ ಹಾಲ್‌ನಲ್ಲೇ ಇದೆ.

ಹೊತ್ತು ತಂದ ಇಬ್ಬರಲ್ಲಿ ಒಬ್ಬ ಇಪ್ಪತ್ತರ ಆಸುಪಾಸಿನ ಹುಡುಗ. ನಾನೂ ಅತ್ತೆಯೂ ಮಾತಾಡುವುದನ್ನು ಕೇಳಿ ಅವನ ಮುಖ ಅರಳಿತು. "ಕನ್ನಡದವರೇನ್ರಿ? ನಮ್ದು ಅಫಜಲಪುರ ಅದರಿ" ಎಂದ. ಅತ್ತೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಚಾಲಕ ಸಹಿಗೆ ಚಲನ್ ಚಾಚಿದಾಗ ಆ ಹುಡುಗ ಮೆಲ್ಲಗೆ ಹೇಳಿದ: "ಅಕ್ಕಾರ, ಸೈ ಮಾಡೂಕಿಂತ ಮದ್ಲ ಬಿಚ್ಚಿ ನೋಡ್ರಿ. ಹಿಂದಿನ ನಂಬರೂ ನೋಡ್ಕೋರಿ."

ನೋಡಿದೆವು. ಎಡಬದಿಯಲ್ಲಿ ಅಂಗಡಿಯಲ್ಲಿ ಇರದ ಒಂದು ತಗ್ಗು ಬಿದ್ದಿತ್ತು. ಚಲನ್ ಮೇಲೆ 'ಎಡಬದಿ ತಗ್ಗು, ಚಾಲೂ ಮಾಡಿ ನೋಡಿಲ್ಲ' ಎಂದು ಬರೆದು ಸಹಿ ಮಾಡಿದೆ, ಅದರ ಫೋಟೋ ತೆಗೆದೆ. ಹಿಂಬದಿಯ ಸ್ಟಿಕರಿನ ಸೀರಿಯಲ್ ನಂಬರು, ಬಿಲ್ಲಿನ ನಂಬರು ಎರಡೂ ಒಂದೇ ಎಂದು ಖಾತ್ರಿ ಮಾಡಿಕೊಂಡೆ. ಚಲನ್‌ನಲ್ಲಿ ಅಚ್ಚಾಗಿರುವ 'ಮಾಲು ಸುಸ್ಥಿತಿಯಲ್ಲಿ ತಲುಪಿದೆ' ಎಂಬ ವಾಕ್ಯದ ಕೆಳಗೆ ಕಣ್ಣುಮುಚ್ಚಿ ಸಹಿ ಹಾಕಿದರೆ ನಾಳೆ ತಗ್ಗು ನಮ್ಮ ಮನೆಯಲ್ಲೇ ಬಿದ್ದದ್ದು ಎಂದಾಗುತ್ತದೆ. ಆನ್‌ಲೈನಿನಲ್ಲಿ ಪೆಟ್ಟಿಗೆ ತೆರೆದು ತೋರಿಸುವ ಡೆಲಿವರಿ ಇದ್ದರೆ ನೋಡಿದ ಮೇಲೆಯೇ ಓಟಿಪಿ ಕೊಡಬೇಕು. ಕಂಪನಿಯ ಮೆಕ್ಯಾನಿಕ್ ಬಂದೇ ತೆರೆಯಬೇಕು ಎಂಬ ನಿಯಮವಿದ್ದರೆ ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೋ ತೆಗೆದು ಹಾಗೆಯೇ ಇಡಬೇಕು. ಥರ್ಮೋಕೋಲು, ಪೆಟ್ಟಿಗೆಯನ್ನು ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಭಂಗಾರದವನಿಗೆ ಕೊಡಬಾರದು.

ತಗ್ಗಿಗೆ ಅಂಗಡಿಯವರು 800 ರೂಪಾಯಿ ವಾಪಸು ಮಾಡಿದರು. ಅಷ್ಟಕ್ಕೆ ಸುಮ್ಮನಾದೆವು. ಇನ್ಸುಲಿನ್ ಡಬ್ಬಿ ನಮ್ಮ ಮನೆಗೆ ಮರಳಿತು.

ಹುಟ್ಟುವ ಮೊದಲೇ ಮುಗಿದ ವಾರಂಟಿ

ಜೂನ್ ಎರಡನೆಯ ವಾರ, ಮಳೆ ಹಿಡಿದ ಮೇಲೆ, ಫ್ರಿಜ್ಜಿನ ಕೆಳಗಿನ ಭಾಗ ತಣ್ಣಗಾಗುವುದು ನಿಂತಿತು. ಕಂಪನಿಗೆ ದೂರು ಕೊಟ್ಟೆವು. ಬಂದ ಮೆಕ್ಯಾನಿಕ್ ಸೀರಿಯಲ್ ನಂಬರನ್ನು ಫೋನಿನಲ್ಲಿ ಹಾಕಿ ನೋಡಿ, ಇದರ ವಾರಂಟಿ ಎರಡು ತಿಂಗಳ ಹಿಂದೆಯೇ ಮುಗಿದಿದೆ ಎಂದ. ನಾವು ಕೊಂಡು ಇನ್ನೂ ಒಂದು ತಿಂಗಳಾಗಿರಲಿಲ್ಲ! ಹದಿನಾಲ್ಕು ತಿಂಗಳ ಹಿಂದೆ ಫ್ರಿಜ್ ಪ್ರದರ್ಶನಕ್ಕೆ ಇಟ್ಟ ದಿನವೇ ಅದು 'ಮಾರಾಟವಾಗಿದೆ' ಎಂದು ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಗ್ಯಾಸ್ ಸೋರಿಕೆ, ರಿಪೇರಿಗೆ 6,200 ಆಗುತ್ತದೆ ಎಂದು ಚೀಟಿ ಬರೆದ.

ಕಂಪ್ರೆಸರಿಗೆ ಹತ್ತು ವರ್ಷ ಇದೆಯಲ್ಲ ಎಂದು ನನ್ನ ಗಂಡ ಕೇಳಿದರು. ಹತ್ತು ವರ್ಷದ ವಾರಂಟಿ ಎಂದು ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿದ್ದು ಸಾಮಾನ್ಯವಾಗಿ ಆ ಒಂದು ಭಾಗಕ್ಕೆ ಮಾತ್ರ. ಗ್ಯಾಸು, ಕೂಲಿ, ಬಂದುಹೋಗುವ ಶುಲ್ಕ ಅದರಲ್ಲಿ ಸೇರುವುದಿಲ್ಲ. ಎಲ್ಲವನ್ನೂ ಒಳಗೊಂಡ ವಾರಂಟಿ ಮೊದಲ ಒಂದು ವರ್ಷದ್ದು. ಅದರಲ್ಲಿಯೂ ಗಾಜು, ಪ್ಲಾಸ್ಟಿಕ್, ಬಲ್ಬು ಹೊರಗೆ ಉಳಿಯುವುದೇ ಹೆಚ್ಚು.

ಆಮೇಲೆ ಶುರುವಾಯಿತು ಚೆಂಡಾಟ. ಅಂಗಡಿ ಹೇಳಿತು, ಕಂಪನಿಯನ್ನು ಕೇಳಿ. ಕಂಪನಿ ಹೇಳಿತು, ಅಂಗಡಿಯನ್ನು ಕೇಳಿ. ಇನ್ಸುಲಿನ್ ಮತ್ತೆ ಎದುರುಮನೆಗೆ ಹೋಯಿತು. ಅತ್ತೆಗೆ ದಿನಕ್ಕೆ ಎರಡು ಬಾರಿ ಬೇರೆಯವರ ಬಾಗಿಲು ತಟ್ಟುವ ಸಂಕೋಚ. "ಎಂತಕ್ಕೆ ಈ ಜಗಳ, ಆರು ಸಾವಿರ ಕೊಟ್ಟು ಸರಿ ಮಾಡಿಸಿ" ಎಂದರು. ಅವರು ಹೇಳಿದ್ದು ತಪ್ಪಲ್ಲ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಣ ಕೊಟ್ಟುಬಿಟ್ಟರೆ ಇವತ್ತೇ ತಣ್ಣಗಿನ ನೀರು, ಹಟ ಹಿಡಿದರೆ ಎಷ್ಟು ದಿನವೋ ಗೊತ್ತಿಲ್ಲ. ನಾನು ಅತ್ತೆಗೆ ಒಂದು ತಿಂಗಳು ತಾಳಿ ಎಂದೆ.

ಮೊದಲು ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಿದೆ. ಅಂಗಡಿಗೂ ಕಂಪನಿಗೂ ಒಂದೇ ಇಮೇಲ್ ಬರೆದೆ. ಬಿಲ್ಲಿನ ದಿನಾಂಕ, ಸೀರಿಯಲ್ ನಂಬರು, ಮ್ಯಾನೇಜರ್ ಬರೆದ ಸಾಲು, ಮೆಕ್ಯಾನಿಕ್ ಕೊಟ್ಟ ಚೀಟಿ, ಚಲನ್ ಎಲ್ಲದರ ಫೋಟೋ ಜೋಡಿಸಿದೆ. ಏಳು ದಿನದೊಳಗೆ ದಾಖಲೆ ಸರಿಪಡಿಸಿ ಉಚಿತವಾಗಿ ರಿಪೇರಿ ಮಾಡಬೇಕು ಎಂದು ಕೇಳಿದೆ. ಏಳು ದಿನವಾದರೂ 'ನಿಮ್ಮ ದೂರು ದಾಖಲಾಗಿದೆ' ಎಂಬುದಕ್ಕಿಂತ ಮುಂದೆ ಹೋಗಲಿಲ್ಲ.

ಎಂಟನೆಯ ದಿನ 1915ಕ್ಕೆ ಕರೆ ಮಾಡಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇಲ್ಲಿ ಕನ್ನಡವೂ ಸೇರಿ 17 ಭಾಷೆಗಳಲ್ಲಿ ಮಾತಾಡಬಹುದು. ಸಹಾಯವಾಣಿ ನ್ಯಾಯಾಲಯವಲ್ಲ, ಅದು ಯಾರಿಗೂ ಆಜ್ಞೆ ಮಾಡಲಾರದು. ಆದರೆ ದೂರಿಗೆ ಒಂದು ನಂಬರು ಕೊಟ್ಟು ಅದನ್ನು ಕಂಪನಿಗೆ ಕಳಿಸುತ್ತದೆ. ಅಲ್ಲಿಯವರೆಗೆ ಕಾಲ್ ಸೆಂಟರಿನ ಹುಡುಗಿಯರೊಂದಿಗೆ ಮಾತಾಡುತ್ತಿದ್ದ ನಮಗೆ ಮೂರನೆಯ ದಿನ ಕಂಪನಿಯ ಒಬ್ಬ ಅಧಿಕಾರಿ ತಾವಾಗಿ ಫೋನ್ ಮಾಡಿದರು. ಅವರು ಕೇಳಿದ್ದು ಬಿಲ್ಲಿನ ಮೇಲಿನ ಆ ಸಾಲಿನ ಸ್ಪಷ್ಟವಾದ ಫೋಟೋ. ಸಹಿ, ಸೀಲು ಎರಡೂ ಕಾಣಬೇಕು ಎಂದರು.

ಮೊದಲ ದೂರು ಕೊಟ್ಟ ಇಪ್ಪತ್ತಮೂರನೆಯ ದಿನ ವಾರಂಟಿಯ ದಿನಾಂಕ ತಿದ್ದಿದರು, ಗ್ಯಾಸ್ ತುಂಬಿ ಹೋದರು, ಒಂದು ಪೈಸೆ ಕೇಳಲಿಲ್ಲ.

ಕೇಳಿದ್ದರೆ ಮುಂದೇನು ಮಾಡುತ್ತಿದ್ದೆವು ಎಂದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ಮಾತಾಡಬಹುದು. ಕಂಪನಿಯ ಕಚೇರಿ ದಿಲ್ಲಿಯಲ್ಲಿರಲಿ ಚೆನ್ನೈಯಲ್ಲಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಅಂಗಡಿ, ಕಂಪನಿ ಇಬ್ಬರನ್ನೂ ಎದುರುಪಕ್ಷ ಮಾಡಬಹುದು. ತೊಂದರೆ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, 2025ರಿಂದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಆನ್‌ಲೈನಿನಲ್ಲಿ ಕೊಂಡವರಿಗೆ ಇದಕ್ಕೂ ಮೊದಲು ಒಂದು ಮೆಟ್ಟಿಲಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಈ ಹಕ್ಕುಗಳ ಹಿಂದೆ ನಮ್ಮ ಮುಂಬಯಿಯ ಜನರ ದುಡಿಮೆಯೂ ಇದೆ. ದೇಶದ ಮೊದಲ ಗ್ರಾಹಕ ಸಂಘಟನೆಗಳಲ್ಲಿ ಒಂದಾದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾವನ್ನು 1966ರಲ್ಲಿ ಒಂಬತ್ತು ಮಂದಿ ಮಹಿಳೆಯರು ಸೇರಿ ಕಟ್ಟಿದ್ದು ಮುಂಬಯಿಯಲ್ಲಿ. ಒಟ್ಟಾಗಿ ಕೊಂಡು ಹಂಚಿಕೊಳ್ಳುವ ಮುಂಬಯಿ ಗ್ರಾಹಕ ಪಂಚಾಯತ್ ಹುಟ್ಟಿದ್ದು 1975ರಲ್ಲಿ. ದೇಶಕ್ಕೆ ಗ್ರಾಹಕ ಕಾಯ್ದೆ ಬಂದದ್ದು ಆಮೇಲೆ, 1986ರ ಡಿಸೆಂಬರ್ 24ರಂದು.

ಊರಿಗೆ ಕಳಿಸುವವರಿಗೆ

ನಮ್ಮವರಲ್ಲಿ ಇನ್ನೊಂದು ಅಭ್ಯಾಸವಿದೆ. ಇಲ್ಲಿ ಸೋವಿಯಾಗಿ ಸಿಕ್ಕಿದ್ದನ್ನು ಊರಿನ ಅಪ್ಪ ಅಮ್ಮನಿಗೆ ಬಸ್ಸಿನಲ್ಲೋ ಲಾರಿಯಲ್ಲೋ ಕಳಿಸುವುದು. ನಾನೂ ಒಮ್ಮೆ ವಾಷಿಂಗ್ ಮಷಿನ್ ಕಳಿಸಿದ್ದೆ. ದಾರಿಯಲ್ಲಿ ಡ್ರಮ್ ಸಡಿಲವಾಗಿ ಊರು ಮುಟ್ಟಿತು. ಕಂಪನಿಯವರು ಅದು ನಾವು ಮಾಡಿದ ಸಾಗಣೆ, ವಾರಂಟಿಗೆ ಬರುವುದಿಲ್ಲ ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು, ನಾನು ವಾದಿಸಲಿಲ್ಲ. ಈಗ ನಾನು ಮಾಡುವುದು ಊರಿನ ಪಿನ್‌ಕೋಡಿಗೇ ಆರ್ಡರ್ ಮಾಡಿ ಹಣವನ್ನು ಇಲ್ಲಿಂದ ಕಟ್ಟುವುದು. ಇನ್ನೂ ಒಳ್ಳೆಯದೆಂದರೆ ಊರಿನ ಪೇಟೆಯ ಅಂಗಡಿಯವರಿಗೆ ಹಣ ಕಳಿಸುವುದು. ಐನೂರು, ಸಾವಿರ ಹೆಚ್ಚಾಗಬಹುದು. ಕೆಟ್ಟರೆ ಅಪ್ಪ ನಡೆದುಹೋಗಿ ಕೇಳಲು ಒಂದು ಮುಖ ಇರುತ್ತದೆ. ಆ ಕಂಪನಿಯ ಸರ್ವಿಸ್ ಸೆಂಟರ್ ಊರಿನಿಂದ ಎಷ್ಟು ದೂರ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ವಿಚಾರಿಸಿ.

ಮೊದಲೇ ಕೊಂಡು ಗೃಹಪ್ರವೇಶದವರೆಗೆ ಪೆಟ್ಟಿಗೆಯಲ್ಲೇ ಇಡುವವರೂ ಇದ್ದಾರೆ. ಎಷ್ಟೋ ವಾರಂಟಿಗಳು ಎಣಿಕೆಯಾಗುವುದು ಕೊಂಡ ದಿನದಿಂದ. ಅಳವಡಿಸಿದ ದಿನದಿಂದ ಎಣಿಸಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ಕಂಪನಿಗಳಿಗೆ ಹೇಳಿದೆ. ನಿಮ್ಮ ಕಾರ್ಡಿನಲ್ಲಿ ಹಾಗೆ ಬರೆದಿದೆಯೇ ಎಂದು ಓದಿಕೊಳ್ಳಿ. ಇಲ್ಲವಾದರೆ ದೀಪಾವಳಿಯ ಆಫರಿನಲ್ಲಿ ಕೊಂಡು ಯುಗಾದಿಗೆ ತೆರೆದವರ ಐದು ತಿಂಗಳು ಹಾಗೆಯೇ ಹೋಗುತ್ತದೆ.

ಈಗ ನಮ್ಮ ಮನೆಯಲ್ಲಿ ಒಂದು ಹಸಿರು ಫೈಲ್ ಇದೆ. ಪ್ರತಿ ಬಿಲ್ಲಿನ ಜೆರಾಕ್ಸ್ ಅದರಲ್ಲಿರುತ್ತದೆ. ಅಂಗಡಿಯ ಯಂತ್ರದಿಂದ ಬರುವ ನುಣುಪಾದ ಕಾಗದದ ಅಕ್ಷರ ಒಂದೆರಡು ವರ್ಷಕ್ಕೆ ಅಳಿಸಿಹೋಗುತ್ತದೆ, ಜೆರಾಕ್ಸ್ ಉಳಿಯುತ್ತದೆ. ಪ್ರತಿ ಬಿಲ್ಲಿನ ಹಿಂದೆ ಸೀರಿಯಲ್ ನಂಬರಿನ ಫೋಟೋ, ಚಲನ್, ವಾರಂಟಿ ಕಾರ್ಡ್, ಮೆಕ್ಯಾನಿಕ್ ಬಂದ ದಿನಗಳ ಚೀಟಿ. ಅತ್ತೆ ಅದಕ್ಕೆ 'ನಿನ್ನ ಕೋರ್ಟಿನ ಪುಸ್ತಕ' ಎಂದು ಹೆಸರಿಟ್ಟಿದ್ದಾರೆ.

ಕಳೆದ ದಸರೆಗೆ ಕ್ಯಾಂಟೀನ್ ಅಣ್ಣ ಮತ್ತೆ ಬಂದರು. ಕ್ಯಾಂಟೀನಿಗೆ ಗ್ರೈಂಡರ್ ಬೇಕು, ಜೊತೆಗೆ ಬನ್ನಿ ಎಂದರು. ನಾನು ಬಂದದ್ದಕ್ಕೇ ಒಮ್ಮೆ ಮುಳುಗಿದ್ದೀರಿ, ಈ ಸಲವೂ ಕರೆಯುತ್ತೀರಲ್ಲ ಎಂದೆ. ಅಣ್ಣ ನಕ್ಕರು. ಅಂಗಡಿಯಲ್ಲಿ ಹುಡುಗ ಎರಡು ಬೆಲೆ ಹೇಳಲು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿಬಿಟ್ಟರು: "ಬಿಲ್ ಮಾಡಿ. ಇದು ಕ್ಯಾಂಟೀನಿಗೆ ಅಂತ ಬರೀರಿ, ಕ್ಯಾಂಟೀನಿನ ಬಳಕೆಗೂ ವಾರಂಟಿ ಉಂಟು ಅಂತ ಬರೀರಿ." ಹುಡುಗ ಆ ಮಾಡೆಲ್ಲಿಗೆ ಹಾಗೆ ಬರೆದುಕೊಡಲು ಬರುವುದಿಲ್ಲ ಎಂದ. ಹಾಗಾದರೆ ಬರೆದುಕೊಡಲು ಬರುವ ಮಾಡೆಲ್ ತೋರಿಸಿ ಎಂದರು ಅಣ್ಣ. ಅದಕ್ಕೆ 3,000 ಹೆಚ್ಚಾಯಿತು, ರಿಯಾಯಿತಿಯೂ ಇರಲಿಲ್ಲ. ಅಣ್ಣ ಅದನ್ನೇ ಕೊಂಡರು. ಮನೆಗೆ ಬರುವ ದಾರಿಯಲ್ಲಿ ನೆರೂಳ ಸ್ಟೇಶನ್ ಹೊರಗಿನ ಅಂಗಡಿಯಲ್ಲಿ ಆಟೋ ನಿಲ್ಲಿಸಿ ಬಿಲ್ಲಿನ ಎರಡು ಜೆರಾಕ್ಸ್ ಮಾಡಿಸಿದರು. ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಫೈಲಿನಲ್ಲಿರಲಿ ತಂಗಿ."